ಡಿಸೆಂಬರ್‌ನಲ್ಲಿ ಚಂಡಮಾರುತ, ಕೈಯಲ್ಲಿ ಊರಿನ ಟಿಕೆಟ್: ಮುಂಬೈ, ಪುಣೆ, ಗೋವಾ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಮಳೆಗಾಲ ಮುಗಿದು ಕೊಡೆ ಅಟ್ಟ ಸೇರಿರುತ್ತದೆ. ಊರಲ್ಲಿ ಮದುವೆ, ನೇಮ, ಷಷ್ಠಿ, ಎಳ್ಳಮಾವಾಸ್ಯೆ ಅಂತ ಒಂದರ ಹಿಂದೆ ಒಂದು ಕರೆ. ಟಿಕೆಟ್ ತೆಗೆದು ಎರಡು ತಿಂಗಳಾಗಿದೆ. ಅಷ್ಟರಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬರುತ್ತದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ತಕ್ಷಣ ಎರಡು ಪಕ್ಷ. "ಮುಂಬೈಗೆ ಯಾವತ್ತು ಸೈಕ್ಲೋನ್ ಬಂದಿದೆ, ಸುಮ್ನೆ ಹೆದರಿಸ್ತಾರೆ" ಅನ್ನುವವರು ಒಂದು ಕಡೆ. "ಎಲ್ಲಾ ಕ್ಯಾನ್ಸಲ್ ಮಾಡಿ ಮನೇಲಿರಿ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು.

ಚಳಿಗಾಲದ ಚಂಡಮಾರುತ ಮುಂಬೈಗೆ ನೇರವಾಗಿ ಬಡಿಯುವುದು ಅಪರೂಪ, ನಿಜ. ಡಿಸೆಂಬರ್ ಹೊತ್ತಿಗೆ ಉತ್ತರ ಅರಬ್ಬಿ ಸಮುದ್ರ ತಣ್ಣಗಾಗಿರುತ್ತದೆ, ಉತ್ತರದಿಂದ ಒಣಗಾಳಿ ಬೀಸುತ್ತಿರುತ್ತದೆ. ಹಾಗಾಗಿ ಮೇಲೆ ಬರಬರುತ್ತಾ ಅದರ ಕಸುವು ಇಳಿಯುತ್ತದೆ. 2017ರ ಓಖಿಯನ್ನೇ ನೋಡಿ. ಕನ್ಯಾಕುಮಾರಿ, ಕೇರಳ, ಲಕ್ಷದ್ವೀಪದ ಕಡೆ ಅಷ್ಟು ಜೀವ ತೆಗೆದ ಅದು ಗುಜರಾತ್ ತೀರ ತಲುಪುವ ಮೊದಲೇ ಸೊರಗಿ ಹೋಗಿತ್ತು. ಆದರೂ ಡಿಸೆಂಬರ್ 5ರಂದು ಮುಂಬೈಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಮರುದಿನ ಡಿಸೆಂಬರ್ 6, ಅಂಬೇಡ್ಕರ್ ತೀರಿಕೊಂಡ ದಿನ, ದಾದರ್‌ನ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುವ ದಿನ, ನಮ್ಮ ಕಲಬುರಗಿ, ಬೀದರ್ ಕಡೆಯವರೂ ಬರುವ ದಿನ. ಅವರೆಲ್ಲ ತಂಗುವ ಶಿವಾಜಿ ಪಾರ್ಕ್ ಪೂರ್ತಿ ಕೆಸರಾಗಿತ್ತು.

ನೇರವಾಗಿ ಬಡಿದದ್ದೂ ಉಂಟು. 2009ರ ಫಿಯಾನ್ ನವೆಂಬರ್ 11ರಂದು ಅಲಿಬಾಗ್ ಮತ್ತು ಮುಂಬೈ ನಡುವೆ ದಡ ಮುಟ್ಟಿತು. 2021ರ ಡಿಸೆಂಬರ್ 1ರಂದಾದರೆ ಹೆಸರಿಟ್ಟ ಚಂಡಮಾರುತವೇ ಇರಲಿಲ್ಲ. ಬರೀ ಸಮುದ್ರದ ಮೇಲಿನ ತಗ್ಗು ಒತ್ತಡ, ಮೇಲೆ ಉತ್ತರದ ತಂಪುಗಾಳಿ. ಮುಂಬೈ, ಪುಣೆಯಲ್ಲಿ ದಿನವಿಡೀ ಮಳೆ ಸುರಿಯಿತು. ಪುಣೆ, ಅಹ್ಮದ್‌ನಗರದ ಬಯಲಿನಲ್ಲಿ ತಂಗಿದ್ದ ಕುರಿಗಳು ಆ ಮಳೆ ಚಳಿಗೆ ಸತ್ತವು. ಅಂದಮೇಲೆ ಚಂಡಮಾರುತ ಬರುತ್ತದೋ ಇಲ್ಲವೋ ಅಂತ ಚರ್ಚೆ ಮಾಡುತ್ತಾ ಕೂರುವುದು ದಂಡ. ನೀವು ಹೋಗುವ ದಾರಿಯಲ್ಲಿ, ನೀವು ಹೋಗುವ ಹೊತ್ತಿಗೆ ಏನಿರುತ್ತದೆ ಅನ್ನುವುದಷ್ಟೇ ನಿಮಗೆ ಬೇಕಾದದ್ದು.

ಹೆಜ್ಜೆ 1: ಹವಾಮಾನ ಇಲಾಖೆಯ ಪ್ರಕಟಣೆಯನ್ನೇ ಓದಿ

ಟಿವಿಯ ಕೆಂಪು ಅಕ್ಷರ ಬೇಡ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣ ಅಥವಾ ಮೌಸಮ್ ಆ್ಯಪ್ ತೆಗೆಯಿರಿ. ವಾಯುಭಾರ ಕುಸಿತ ಚಂಡಮಾರುತವಾದ ಮೇಲೆ ಮೂರು ಗಂಟೆಗೊಮ್ಮೆ ಹೊಸ ಪ್ರಕಟಣೆ ಬರುತ್ತದೆ. ಹಾಗಾಗಿ ಬೆಳಿಗ್ಗೆ ಓದಿದ್ದನ್ನು ರಾತ್ರಿ ಹೊರಡುವಾಗ ನಂಬಬೇಡಿ.

ಪದಗಳಿಗೆ ಅಳತೆ ಇದೆ. ಗಾಳಿ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಆದರೆ ತೀವ್ರ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ, ಹೆಸರು ಇಡುವುದು ಆಗಲೇ. 89 ದಾಟಿದರೆ ತೀವ್ರ ಚಂಡಮಾರುತ. ಮಳೆಯ ವಿಷಯದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಅಂದರೆ ಗಮನವಿರಲಿ, ಕಿತ್ತಳೆ ಅಂದರೆ ಸಿದ್ಧರಾಗಿರಿ, ಕೆಂಪು ಅಂದರೆ ಈಗಲೇ ಕ್ರಮ ಕೈಗೊಳ್ಳಿ. ನನ್ನ ಲೆಕ್ಕ ಇನ್ನೂ ಸರಳ: ಕಿತ್ತಳೆ ಇದ್ದರೆ ಘಾಟಿ ಬೇಡ, ಕೆಂಪಿದ್ದರೆ ಮನೆ ಬಿಡುವುದೇ ಬೇಡ.

ಹೆಚ್ಚಿನವರು ತಮ್ಮ ಊರಿನ ಬಣ್ಣ ಒಂದನ್ನೇ ನೋಡುತ್ತಾರೆ. ಮುಂಬೈ ಹಸಿರು, ಹುಬ್ಬಳ್ಳಿ ಹಸಿರು, ಸರಿ ಹೊರಡೋಣ ಅಂತ. ನಡುವೆ ಸತಾರಾ ಘಾಟಿ ಕಿತ್ತಳೆ ಇರಬಹುದಲ್ವಾ? ಪುಣೆ, ಸತಾರಾ, ಕೊಲ್ಹಾಪುರ ಜಿಲ್ಲೆಗಳ ಘಾಟಿ ಭಾಗಕ್ಕೆ ಇಲಾಖೆ ಬೇರೆಯೇ ಎಚ್ಚರಿಕೆ ಕೊಡುತ್ತದೆ. ಕರಾವಳಿ ದಾರಿಯಾದರೆ ರಾಯಗಡ, ರತ್ನಾಗಿರಿ, ಸಿಂಧುದುರ್ಗ, ಉತ್ತರ ಗೋವಾ, ದಕ್ಷಿಣ ಗೋವಾ, ಉತ್ತರ ಕನ್ನಡ, ಉಡುಪಿ, ಹೀಗೆ ಒಂದೊಂದೇ ಜಿಲ್ಲೆ ನೋಡಿ. ಮೂರು ರಾಜ್ಯದ್ದು ಮೂರು ಕೇಂದ್ರ: ಮಹಾರಾಷ್ಟ್ರಕ್ಕೆ ಮುಂಬೈ, ಗೋವಾಕ್ಕೆ ಪಣಜಿ, ಕರ್ನಾಟಕಕ್ಕೆ ಬೆಂಗಳೂರು. ಐದು ನಿಮಿಷದ ಕೆಲಸ.

ನಕ್ಷೆಯಲ್ಲಿ ಚಂಡಮಾರುತದ ದಾರಿ ಮುಂದೆ ಹೋದಂತೆ ಅಗಲವಾಗುತ್ತಾ ಹೋಗುವ ಒಂದು ಪಟ್ಟಿ ಕಾಣುತ್ತದೆ. ಅದರ ನಡುವಿನ ಗೆರೆ ನಿಮ್ಮ ಊರಿನಿಂದ ದೂರ ಇದೆ ಅಂತ ನಿಶ್ಚಿಂತೆ ಬೇಡ. ಆ ಪಟ್ಟಿಯೊಳಗೆ ಕೇಂದ್ರ ಎಲ್ಲಿ ಬೇಕಾದರೂ ಹಾದು ಹೋಗಬಹುದು, ಮಳೆಯಂತೂ ಪಟ್ಟಿಯ ಹೊರಗೂ ಬೀಳುತ್ತದೆ. ಉತ್ತರಕ್ಕೆ ಸಾಗುವ ಚಂಡಮಾರುತಕ್ಕೆ ನಮ್ಮ ಪಶ್ಚಿಮ ಕರಾವಳಿ ಬಲಗಡೆ ಸಿಗುತ್ತದೆ. ಗಾಳಿ ಜೋರಿರುವುದು ಸಾಮಾನ್ಯವಾಗಿ ಆ ಬದಿಗೇ.

ಫಾರ್ವರ್ಡ್ ಬಂದ ವಿಡಿಯೋಗಳ ತಾರೀಖು ನೋಡದೆ ಅಮ್ಮನಿಗೆ ಕಳಿಸಬೇಡಿ. 2021ರ ತೌಕ್ತೆ ಚಂಡಮಾರುತದ ಅಲೆಗಳು ಪ್ರತಿ ವರ್ಷವೂ ಮತ್ತೆ ಏಳುತ್ತವೆ.

ಹೆಜ್ಜೆ 2: ನಿಮ್ಮ ದಾರಿಯಲ್ಲಿ ಘಾಟಿ ಯಾವುದು, ಅದನ್ನು ಯಾವ ಹೊತ್ತಿಗೆ ದಾಟುತ್ತೀರಿ?

ಮುಂಬೈಯಿಂದ ಊರಿಗೆ ಯಾವ ದಾರಿ ಹಿಡಿದರೂ ಎಲ್ಲೋ ಒಂದು ಕಡೆ ಸಹ್ಯಾದ್ರಿ ಅಡ್ಡ ಬರುತ್ತದೆ. ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಕಡೆಗೆ: ಖಂಡಾಲಾದ ಬೋರ್ ಘಾಟ್, ಕಾತ್ರಜ್, ಆಮೇಲೆ ಸತಾರಾಕ್ಕೆ ಮೊದಲು ಖಂಬಾಟಕಿ. ಅಲ್ಲಿಂದ ಉಡುಪಿ, ಮಂಗಳೂರಿಗೆ ಹೋಗುವ ಬಸ್ಸಾದರೆ ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾ ಸೇರುತ್ತದೆ. ಕೊಂಕಣ ದಾರಿಯಾದರೆ ಕಶೇಡಿ, ಚಿಪ್ಳೂಣದ ಬಳಿ ಪರಶುರಾಮ ಘಾಟ್. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಮೇಲೆ ಪರಶುರಾಮ ಘಾಟ್‌ನಲ್ಲಿ ಮಣ್ಣು ಜಾರುವುದು ಮಳೆಗಾಲದ ಮಾಮೂಲಿ ಸುದ್ದಿ. ಗೋವಾದಿಂದ ಬೆಳಗಾವಿಗೆ ಚೋರ್ಲಾ ಅಥವಾ ಅನಮೋಡ. ಸಾವಂತವಾಡಿ ಕಡೆಯಿಂದ ಅಂಬೋಲಿ. ಸೊಲ್ಲಾಪುರದ ಮೇಲೆ ವಿಜಯಪುರ, ಕಲಬುರಗಿಗೆ ಹೋಗುವವರಿಗೆ ಪುಣೆ ದಾಟಿದ ಮೇಲೆ ಘಾಟಿಯ ಕಾಟ ಇಲ್ಲ. ಹಾಗಾಗಿ ಚಂಡಮಾರುತದ ಸಮಯದಲ್ಲಿ ಇವರದ್ದೇ ಎಲ್ಲಕ್ಕಿಂತ ನೆಮ್ಮದಿಯ ದಾರಿ. ಆ ಕಡೆಯ ಬಸವನ ಬಾಗೇವಾಡಿಯವರು ಇಷ್ಟು ಓದಿ ನಗಬಹುದು.

ಈಗ ಪ್ರತಿ ಘಾಟಿಯ ಎದುರು ನೀವು ಅಲ್ಲಿಗೆ ತಲುಪುವ ಹೊತ್ತು ಬರೆಯಿರಿ. ರಾತ್ರಿ ಹತ್ತರಿಂದ ಬೆಳಗಿನ ಆರರ ನಡುವೆ ಬಂದರೆ ಅದಕ್ಕೊಂದು ಕೆಂಪು ಗುರುತು. ಕಲ್ಲು ಬಿದ್ದಿದ್ದು, ಮರ ಅಡ್ಡ ಮಲಗಿದ್ದು, ನೀರು ರಸ್ತೆ ದಾಟುತ್ತಿರುವುದು ಹಗಲಿನಲ್ಲಿ ಐವತ್ತು ಮೀಟರ್ ದೂರದಿಂದ ಕಾಣುತ್ತದೆ. ರಾತ್ರಿ ಮಳೆಯಲ್ಲಿ ಬಾನೆಟ್ ಮುಂದೆ ಬಂದ ಮೇಲೆ ಕಾಣುತ್ತದೆ.

ಹೆಜ್ಜೆ 3: ಒಂದು ದಿನ ಮೊದಲು, ಇಲ್ಲವೇ ಒಂದು ದಿನ ತಡ

ಈ ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಂಡಮಾರುತಕ್ಕಿಂತ ಮೊದಲು ಘಾಟಿ ದಾಟಿಬಿಡೋಣ ಅಂತ ಪೈಪೋಟಿಗೆ ಬೀಳುವವರೇ ದಾರಿಯಲ್ಲಿ ಸಿಕ್ಕಿಬೀಳುವುದು. ಸಮುದ್ರದ ಮೇಲೆ ಅದರ ವೇಗ ಹೆಚ್ಚೂ ಆಗುತ್ತದೆ, ಕಡಿಮೆಯೂ ಆಗುತ್ತದೆ. ಹನ್ನೆರಡು ಗಂಟೆ ಆಚೀಚೆ ಆಗುವುದು ದೊಡ್ಡ ಮಾತಲ್ಲ. ಮಳೆಯ ಮೋಡ ಅದಕ್ಕಿಂತ ಮೊದಲೇ ಬಂದಿರುತ್ತದೆ.

ಇಲಾಖೆ ತೀರಕ್ಕೆ ಎಚ್ಚರಿಕೆ ಕೊಡುವುದು ಹಂತ ಹಂತವಾಗಿ. ಕೆಟ್ಟ ಹವೆ ಶುರುವಾಗುವ ಕನಿಷ್ಠ 48 ಗಂಟೆ ಮೊದಲು ಅಲರ್ಟ್, 24 ಗಂಟೆ ಮೊದಲು ವಾರ್ನಿಂಗ್. ಅಲರ್ಟ್ ಬಂದ ದಿನವೇ ತೀರ್ಮಾನ ಮಾಡಿ. ಅವತ್ತು ಇನ್ನೂ ಬಿಸಿಲಿರುತ್ತದೆ, ತತ್ಕಾಲ್ ಸಿಗಬಹುದು, ಬಸ್ಸಿನ ಸೀಟು ಬದಲಾಯಿಸಿಕೊಡುತ್ತಾರೆ. ವಾರ್ನಿಂಗ್ ಬರುವ ಹೊತ್ತಿಗೆ ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ.

ಕಷ್ಟ ಇರುವುದು ಹವಾಮಾನದಲ್ಲಲ್ಲ, ಊರಿನ ಫೋನಿನಲ್ಲಿ.

"ಅಮ್ಮಾ, ನಾನು ಬುಧವಾರ ಹೊರಡಲ್ಲ. ಗುರುವಾರ ಬೆಳಿಗ್ಗೆ ಬಿಡ್ತೀನಿ."

"ಅರಶಿನ ಶಾಸ್ತ್ರಕ್ಕೆ ನೀನೇ ಇಲ್ಲಾಂದ್ರೆ ಹೇಗೋ? ದೊಡ್ಡಪ್ಪ ಏನಂದುಕೊಳ್ತಾರೆ?"

"ಮುಹೂರ್ತಕ್ಕೆ ಇರ್ತೀನಮ್ಮ. ದೊಡ್ಡಪ್ಪಂಗೆ ನಾನೇ ಫೋನ್ ಮಾಡ್ತೀನಿ."

ಈ ಫೋನು ಮೊದಲೇ ಮಾಡಿಬಿಡಿ. ಇದನ್ನು ತಪ್ಪಿಸಿಕೊಳ್ಳಲು ಹೋಗಿಯೇ ಎಷ್ಟೋ ಜನ ರಾತ್ರಿ ಮಳೆಯಲ್ಲಿ ಖಂಬಾಟಕಿ ಇಳಿಯುತ್ತಿರುತ್ತಾರೆ.

ಹೆಜ್ಜೆ 4: ರೈಲಾದರೆ

ಕೈಯಲ್ಲಿ ಆಯ್ಕೆ ಇದ್ದರೆ ನಾನು ರೈಲನ್ನೇ ಹಿಡಿಯುತ್ತೇನೆ. ರೈಲು ತಡವಾಗುತ್ತದೆ, ನಿಲ್ಲುತ್ತದೆ, ಆದರೆ ನಿಮ್ಮನ್ನು ಕತ್ತಲಲ್ಲಿ ಗುಡ್ಡದ ಅಂಚಿನಲ್ಲಿ ಸ್ಟಿಯರಿಂಗ್ ಹಿಡಿಸಿ ಕೂರಿಸುವುದಿಲ್ಲ.

ಮತ್ಸ್ಯಗಂಧಾ, ಮಂಗಳೂರು ಎಕ್ಸ್‌ಪ್ರೆಸ್, ನೇತ್ರಾವತಿ ಹೋಗುವ ಕೊಂಕಣ ರೈಲ್ವೆ ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಬಹುಪಾಲು ಒಂದೇ ಹಳಿ. ಒಂದು ಕಡೆ ಮಣ್ಣು ಬಿದ್ದರೆ ಎದುರು ಬರುವ ರೈಲಿಗೂ ದಾರಿ ಇಲ್ಲ, ಹಿಂದಿನದಕ್ಕೂ ಇಲ್ಲ. ತಡ ಒಂದು ರೈಲಿನಿಂದ ಇನ್ನೊಂದಕ್ಕೆ ಹರಡುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಬೇರೆಯೇ ವೇಳಾಪಟ್ಟಿ ಇರುತ್ತದೆ. ವೇಗ ಕಡಿಮೆ, ಹಳಿ ಗಸ್ತು ಜಾಸ್ತಿ. ಡಿಸೆಂಬರ್ ಹೊತ್ತಿಗೆ ಅದು ಮುಗಿದು ರೈಲುಗಳು ಮಾಮೂಲಿ ವೇಗದಲ್ಲಿ ಓಡುತ್ತಿರುತ್ತವೆ. ಆಗ ಮಳೆ ಬಂದರೆ ವೇಗ ಇಳಿಸಲೇಬೇಕು, ಅಂದರೆ ವೇಳಾಪಟ್ಟಿಯಲ್ಲಿರುವ ಸಮಯ ಮರೆತುಬಿಡಿ. ಗಾಳಿಗೂ ಲೆಕ್ಕ ಇದೆ. ರತ್ನಾಗಿರಿ ಬಳಿಯ ಪಾನವಲ್ ಸೇತುವೆ, ಗೋವಾದ ಮಾಂಡವಿ, ಜುವಾರಿ, ನಮ್ಮ ಹೊನ್ನಾವರದ ಶರಾವತಿ, ಈ ನಾಲ್ಕೂ ಕಡೆ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟಿದ್ದಾರೆ. ಗಾಳಿ ಮಿತಿ ಮೀರಿದರೆ ರೈಲನ್ನು ಸೇತುವೆಯ ಈಚೆಯೇ ತಡೆಯುತ್ತಾರೆ. ರೈಲು ಸುಮ್ಮನೆ ನಿಂತಿದೆ ಅಂತ ಇಳಿದು ಹಳಿ ಮೇಲೆ ಓಡಾಡಬೇಡಿ.

ಉದ್ಯಾನ್, ಚಾಲುಕ್ಯ, ಶರಾವತಿ ಹಿಡಿಯುವವರಿಗೆ ಕರ್ಜತ್ ಮತ್ತು ಲೋಣಾವಳಾ ನಡುವಿನ ಏರೇ ಮುಖ್ಯ. ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಇಂಜಿನ್ ಜೋಡಿಸುವುದನ್ನು ನೀವೆಲ್ಲ ನೋಡಿರುತ್ತೀರಿ, ವಡಾ ಪಾವ್ ತಿನ್ನುತ್ತಾ. ಆ ಏರಿನಲ್ಲಿ ಮಂಕಿ ಹಿಲ್ ಸುತ್ತಮುತ್ತ ಬಂಡೆ ಜಾರುವ ಜಾಗಗಳಿವೆ. ಪುಣೆಯವರಿಗೆ ಈ ತಲೆನೋವಿಲ್ಲ.

ದುಡ್ಡಿನ ವಿಷಯ. ರೈಲು ರದ್ದಾದರೆ ಇ-ಟಿಕೆಟ್‌ನ ಪೂರ್ತಿ ಹಣ ತಾನಾಗಿಯೇ ವಾಪಸ್ ಬರುತ್ತದೆ. ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹೋಗುವುದು ಬೇಡ ಅಂತ ತೀರ್ಮಾನಿಸಿದರೆ ಆಗಲೂ ಪೂರ್ತಿ ಹಣ ಸಿಗುತ್ತದೆ. ಆದರೆ ನೀವು ಹತ್ತುವ ಸ್ಟೇಷನ್ನಿನಿಂದ ರೈಲು ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಆನ್‌ಲೈನ್ ಅರ್ಜಿ, ಹಾಕಬೇಕು. ರೈಲು ಹೋದ ಮೇಲೆ ಹಾಕಿ ಹಣ ಬರಲಿಲ್ಲ ಅಂತ ಗೊಣಗುವವರೇ ಜಾಸ್ತಿ. ಕೌಂಟರ್ ಟಿಕೆಟ್ ಆದರೆ ಕೌಂಟರಿಗೇ ಹೋಗಬೇಕು.

ಕುರ್ಲಾ, ಸಯನ್ ಕಡೆ ನೀರು ನಿಲ್ಲುವ ಭಯ ಇದ್ದರೆ ಹತ್ತುವ ಸ್ಟೇಷನ್ ಅನ್ನು ಮೊದಲೇ ಠಾಣೆಗೋ ಪನ್ವೇಲ್‌ಗೋ ಬದಲಿಸಿಕೊಳ್ಳಬಹುದು. ಬದಲಿಸಿದ ಮೇಲೆ ಮೊದಲಿನ ಸ್ಟೇಷನ್ನಿನಲ್ಲಿ ಹತ್ತುವ ಹಕ್ಕು ಹೋಗುತ್ತದೆ, ಅದು ನೆನಪಿರಲಿ.

ಹೆಜ್ಜೆ 5: ರಾತ್ರಿ ಬಸ್ಸಾದರೆ ನಾಲ್ಕು ಪ್ರಶ್ನೆ ಕೇಳಿ

ಸ್ಲೀಪರ್ ಬಸ್ ಎತ್ತರ, ಅಡ್ಡಗಾಳಿಗೆ ಅಗಲವಾದ ಮೈ ಕೊಟ್ಟು ನಿಂತಿರುತ್ತದೆ. ಹತ್ತುವ ಮೊದಲು ಡ್ರೈವರ್ ಹತ್ತಿರವೇ ಮಾತಾಡಿ. "ಅಣ್ಣಾ, ಇವತ್ತು ಯಾವ ರೂಟು? ಎರಡನೇ ಡ್ರೈವರ್ ಇದ್ದಾರಾ? ಅರಬೈಲ್ ಎಷ್ಟು ಹೊತ್ತಿಗೆ ಇಳೀತೀರಿ? ರಸ್ತೆ ಬಂದ್ ಆದ್ರೆ ಎಲ್ಲಿ ನಿಲ್ಲಿಸ್ತೀರಿ?" ಇಷ್ಟು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪುಣೆ-ಹುಬ್ಬಳ್ಳಿ ದಾರಿಯಲ್ಲಿ ವರ್ಷಗಟ್ಟಲೆ ಓಡಿಸಿದವರು ಹವಾಮಾನ ಇಲಾಖೆಗಿಂತ ಚೆನ್ನಾಗಿ ಹೇಳುತ್ತಾರೆ, ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ ಅಂತ. "ಏನಾಗಲ್ಲ ಸಾರ್, ಹತ್ತಿ" ಅಂತ ಮಾತ್ರ ಅಂದರೆ ನಾನು ಹತ್ತುವುದಿಲ್ಲ. ಕೆಳಗಿನ ಬರ್ತ್ ಸಿಕ್ಕರೆ ತೆಗೆದುಕೊಳ್ಳಿ. ತುರ್ತು ಬಾಗಿಲು ಎಲ್ಲಿದೆ ನೋಡಿಕೊಂಡು ಮಲಗಿ.

ಹೆಜ್ಜೆ 6: ಸ್ವಂತ ಕಾರಾದರೆ

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ಚಳಿಗಾಲದ ಮಳೆ ರಸ್ತೆ ಮೇಲೆ ಮಾಡುವ ಕೆಲಸ ಮಳೆಗಾಲದ ಮಳೆಗಿಂತ ಬೇರೆ. ಜುಲೈಯಲ್ಲಿ ರಸ್ತೆ ತೊಳೆದು ಹೋಗಿರುತ್ತದೆ. ಡಿಸೆಂಬರ್‌ನಲ್ಲಿ ವಾರಗಟ್ಟಲೆ ಬಿದ್ದ ಎಣ್ಣೆ, ಟೈರಿನ ಪುಡಿ, ಧೂಳು ಎಲ್ಲ ಮೇಲೆಯೇ ಇರುತ್ತದೆ. ಮೊದಲ ಅರ್ಧ ಗಂಟೆಯ ತುಂತುರು ಹನಿಗೆ ಅದೆಲ್ಲ ಕಲಸಿ ಜಾರುತ್ತದೆ. ಜೋರು ಮಳೆಗಿಂತ ಈ ತುಂತುರಿಗೇ ಹೆದರಬೇಕು.

ಇನ್ನೊಂದು ಕಬ್ಬು. ನವೆಂಬರ್‌ನಿಂದ ಮಾರ್ಚ್‌ವರೆಗೆ ಸತಾರಾ, ಕರಾಡ್, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ ಎಲ್ಲ ಕಡೆ ಕಬ್ಬು ನುರಿಯುವ ಹಂಗಾಮು. ರಾತ್ರಿ ಮಳೆಯಲ್ಲಿ ಕರಾಡ್ ದಾಟಿದ ಮೇಲೆ ಮುಂದೆ ಏನೋ ಕಪ್ಪಗೆ, ರಸ್ತೆಗಿಂತ ಸ್ವಲ್ಪ ಹೆಚ್ಚು ಕಪ್ಪಗೆ ಕಾಣುತ್ತದೆ. ಲೈಟಿಲ್ಲ. ಹತ್ತಿರವಾದಾಗ ಎರಡೂ ಪಕ್ಕಕ್ಕೆ ಜೋತುಬಿದ್ದ ಕಬ್ಬಿನ ಗರಿ ಗೊತ್ತಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಹಿಂದಿನ ಟ್ರಾಲಿಗೆ ಗುರುತಿಗೆ ಕಟ್ಟಿದ ಕೆಂಪು ಬಟ್ಟೆ ನೆನೆದು ಕಬ್ಬಿಗೇ ಅಂಟಿಕೊಂಡಿದೆ. ರಿಫ್ಲೆಕ್ಟರ್ ಇದ್ದರೂ ಅದರ ಮೇಲೆ ಕೆಸರು. ನಿಮ್ಮ ವೇಗ ಎಂಬತ್ತು, ಅದರದ್ದು ಹದಿನೈದು. ಹೊಲದಿಂದ ಹೆದ್ದಾರಿಗೆ ಏರುವ ಜಾಗದಲ್ಲಿ ಆ ಚಕ್ರಗಳು ಎರೆಮಣ್ಣನ್ನು ರಸ್ತೆಗೆ ಬಳಿದಿರುತ್ತವೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಮಳೆ ಜೋರಾದರೆ ಎಷ್ಟೋ ಟ್ರಾಲಿಗಳು ಹೆದ್ದಾರಿ ಪಕ್ಕದಲ್ಲೇ ನಿಂತುಬಿಡುತ್ತವೆ, ಅರ್ಧ ರಸ್ತೆಯೊಳಗೆ. ಅದಕ್ಕೇ ಎಡಗಡೆಯ ಲೇನ್ ಖಾಲಿ ಇದೆ ಅಂತ ರಾತ್ರಿ ಅಲ್ಲಿಗೆ ನುಗ್ಗಬೇಡಿ.

ಹೊರಡುವ ಮೊದಲು ವೈಪರ್ ನೋಡಿ. ಅಕ್ಟೋಬರ್ ಬಿಸಿಲಿಗೆ ಅದರ ರಬ್ಬರ್ ಗಟ್ಟಿಯಾಗಿರುತ್ತದೆ. ಬಕೆಟ್ ನೀರು ಹಾಕಿ ಒರೆಸಿದಾಗ ಗೆರೆ ಉಳಿದರೆ ಬದಲಿಸಿ. ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಾನೂನಿಗೂ ತಪ್ಪು, ಮಳೆಗೂ ತಪ್ಪು. ಗಾಜಿಗೆ ಒಳಗಿನಿಂದ ಮಂಜು ಕವಿದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡಿ, ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಹಜಾರ್ಡ್ ಲೈಟ್ ನಿಂತಾಗ ಮಾತ್ರ. ಓಡುತ್ತಾ ನಾಲ್ಕೂ ಲೈಟ್ ಮಿಣುಕಿಸಿದರೆ ಹಿಂದಿನವನಿಗೆ ನೀವು ಎತ್ತ ತಿರುಗುತ್ತೀರಿ ಅಂತ ಗೊತ್ತಾಗುವುದಿಲ್ಲ.

ಘಾಟಿ ಇಳಿಯುವಾಗ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವಾಪಸ್ ಬರುವವರಿಗೆ ಪುಣೆಯ ಬಾಗಿಲಲ್ಲೇ ಇದರ ಪಾಠ ಇದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು ಅದು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದೇ ಅಪಘಾತದಲ್ಲಿ 48 ವಾಹನಗಳಿಗೆ ಪೆಟ್ಟಾಯಿತು. ಅಲ್ಲಿ ನಿಮ್ಮ ಹಿಂದೆ ಬರುವ ಲಾರಿಯೇ ಭಯ. ಅದಕ್ಕೆ ದಾರಿ ಬಿಡಿ, ಅದರ ಮುಂದೆ ಮಾತ್ರ ಇರಬೇಡಿ.

ನೀರು ಹರಿಯುತ್ತಿರುವ ಕಡೆ ರಸ್ತೆಯ ಅಂಚಿನ ಕಲ್ಲು ಕಾಣದಿದ್ದರೆ ದಾಟಬೇಡಿ. ಮೊಣಕಾಲು ಮಟ್ಟದ ಹರಿಯುವ ನೀರು ಕಾರನ್ನು ಎತ್ತಿಬಿಡುತ್ತದೆ. ನೀರಿನಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಸೇರಿದ ಇಂಜಿನ್ ಅದೊಂದು ಪ್ರಯತ್ನಕ್ಕೇ ಒಡೆಯಬಹುದು.

ಬೈಕಿನಲ್ಲಿ ಹೋಗುವ ಆಲೋಚನೆ ಇದ್ದರೆ ಬಿಡಿ. ಅದರ ಬಗ್ಗೆ ಹೇಳಲು ಬೇರೇನಿಲ್ಲ.

ಹೆಜ್ಜೆ 7: ವಿಮಾನ

ಮಂಗಳೂರಿನದ್ದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಗಾಳಿ, ಮೋಡ ಕೆಟ್ಟರೆ ಬೇರೆ ಊರಿಗೆ ತಿರುಗಿಸುತ್ತಾರೆ. ಹಾಗಾಗಿ ಊರಿನಿಂದ ಕಾರು ಕಳಿಸುವವರಿಗೆ ವಿಮಾನ ಇಳಿದ ಮೇಲೆ ಹೊರಡಲು ಹೇಳಿ. ಕಂಪನಿಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ಹವಾಮಾನದ ಕಾರಣಕ್ಕೆ ಪರಿಹಾರ ಮಾತ್ರ ಸಿಗುವುದಿಲ್ಲ. ಭಯ ಬಿದ್ದು ನೀವೇ ಮೊದಲು ಕ್ಯಾನ್ಸಲ್ ಮಾಡಿದರೆ ಕಡಿತ ನಿಮ್ಮದೇ. ಸ್ವಲ್ಪ ಕಾಯಿರಿ.

ಹೆಜ್ಜೆ 8: ಮನೆಯಿಂದ ಸ್ಟೇಷನ್ನಿಗೆ

ಊರಿನ ದಾರಿ ಯೋಚಿಸುತ್ತಾ ನಾವು ಮರೆಯುವುದು ಡೊಂಬಿವಲಿಯಿಂದ ಕುರ್ಲಾ ಟರ್ಮಿನಸ್‌ವರೆಗಿನ ದಾರಿಯನ್ನು. ಮುಂಬೈಯಲ್ಲಿ ರಸ್ತೆ ಅಗೆಯುವ ಕೆಲಸ ಶುರುವಾಗುವುದೇ ಮಳೆಗಾಲ ಮುಗಿದ ಮೇಲೆ. ಜುಲೈಯಲ್ಲಿ ಇಲ್ಲದ ಗುಂಡಿ ಡಿಸೆಂಬರ್‌ನಲ್ಲಿ ಇರುತ್ತದೆ, ನೀರು ತುಂಬಿದರೆ ಕಾಣುವುದಿಲ್ಲ. ಹಿಂದ್ಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ತಪ್ಪಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಮುಂಬೈಯಲ್ಲಿ ದೊಡ್ಡ ಉಬ್ಬರ ಬರುವುದು ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೆ. ಆ ಹೊತ್ತಿಗೇ ಮಳೆಯೂ ಜೋರಾದರೆ ಚರಂಡಿಯ ನೀರು ಸಮುದ್ರಕ್ಕೆ ಹೋಗುವುದಿಲ್ಲ. ರೈಲು ಸಂಜೆ ಇದ್ದರೂ ಬೆಳಿಗ್ಗೆಯೇ ಹೊರಟು ಮಾಟುಂಗಾದಲ್ಲಿ ಯಾರಾದರೂ ನೆಂಟರ ಮನೆಯಲ್ಲಿ ಊಟ ಮಾಡಿ ಹೋಗಿ. ನೆಂಟರು ಇರುವುದು ಮತ್ತೆ ಯಾಕೆ?

ಮಳೆ ಬಂತು ಅಂತ ಹೋರ್ಡಿಂಗ್ ಕೆಳಗೆ ನಿಲ್ಲಬೇಡಿ. 2023ರ ಏಪ್ರಿಲ್‌ನಲ್ಲಿ ಪಿಂಪ್ರಿ-ಚಿಂಚವಡದ ಕಿವಳೆಯಲ್ಲಿ ಹೆದ್ದಾರಿ ಪಕ್ಕ ಮಳೆಗೆ ನಿಂತ ಐವರು ಹೋರ್ಡಿಂಗ್ ಬಿದ್ದು ಸತ್ತರು. 2024ರ ಮೇ 13ರಂದು ಘಾಟ್‌ಕೋಪರ್‌ನ ಪೆಟ್ರೋಲ್ ಬಂಕ್ ಮೇಲೆ ಬಿದ್ದದ್ದು 17 ಜೀವ ತೆಗೆಯಿತು.

ಹೆಜ್ಜೆ 9: ಗೋವಾದಲ್ಲಿರುವವರಿಗೆ

ಗೋವಾದಲ್ಲಿ ಮಳೆ ಬಾರದಿದ್ದರೂ ಸಮುದ್ರ ಬರುತ್ತದೆ. 2017ರಲ್ಲಿ ಓಖಿ ದೂರ ಸಮುದ್ರದಲ್ಲಿತ್ತು. ಡಿಸೆಂಬರ್ 3ರ ಹುಣ್ಣಿಮೆಯ ಉಬ್ಬರ ಮತ್ತು ಓಖಿಯ ಅಲೆ ಎರಡೂ ಸೇರಿ ಮೋರ್ಜಿ, ಮಾಂದ್ರೆ ಕಡೆಯ ಶಾಕ್‌ಗಳೊಳಗೆ, ಅಂದರೆ ಬೀಚಿನ ಗುಡಿಸಲು ಹೋಟೆಲುಗಳೊಳಗೆ, ನೀರು ನುಗ್ಗಿತು. ಆಕಾಶ ನೋಡಿ ತೀರ್ಮಾನಿಸಬೇಡಿ. ಎತ್ತರದ ಅಲೆಗಳ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್, ಅದನ್ನೂ ನೋಡಿ. ಮೀನುಗಾರರಿಗೆ ಕಡಲಿಗಿಳಿಯಬೇಡಿ ಅಂದ ದಿನ ನೀವು ಕ್ರೂಸ್, ಡಾಲ್ಫಿನ್ ಬೋಟ್ ಅಂತ ಹೋಗಬೇಡಿ. ರಿಬಂದರ್-ಚೋಡಣ, ದಿವಾಡಿ ಫೆರಿಗಳು ಜೋರು ಗಾಳಿಗೆ ನಿಲ್ಲಬಹುದು, ಆಚೆ ದಡದಲ್ಲಿ ಉಳಿದುಕೊಳ್ಳದ ಹಾಗೆ ಸಮಯ ನೋಡಿಕೊಳ್ಳಿ.

ಊರಿಗೆ ಹೊರಡುವವರು ಬೆಳಗಾವಿಗೆ ಚೋರ್ಲಾ ಹಿಡಿಯುವ ಮೊದಲು ಮಂಜು ಇದೆಯೇ ಅಂತ ಆ ಕಡೆಯಿಂದ ಬಂದ ಯಾವುದಾದರೂ ಬಸ್ಸಿನವರನ್ನು ಕೇಳಿ. ಕಾರವಾರ, ಉಡುಪಿ ಕಡೆಗೆ ಹೆದ್ದಾರಿ 66 ಅಗಲವಾಗಿದೆ ನಿಜ. ಆದರೆ ಅಗಲ ಮಾಡಲು ಕಡಿದ ಗುಡ್ಡಗಳು ಪಕ್ಕದಲ್ಲೇ ಇವೆ. ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಏನಾಯಿತು ಅಂತ ಯಾರಿಗೂ ಮತ್ತೆ ಹೇಳಬೇಕಾಗಿಲ್ಲ. ಅದು ದಿನಗಟ್ಟಲೆ ಸುರಿದ ಮಳೆಗೆ ಆದದ್ದು, ಚಳಿಗಾಲದ ಒಂದು ದಿನದ ಮಳೆಗೆ ಅಷ್ಟು ಆಗುವುದು ಕಷ್ಟ. ಆದರೂ ಗುಡ್ಡದ ಬುಡದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಬೇಡಿ.

ಹೆಜ್ಜೆ 10: ಚೀಲದಲ್ಲಿ ಏನಿರಬೇಕು

ಮೊದಲು ಸ್ವೆಟರ್. ಮುಂಬೈಯವರ ಮನೆಯಲ್ಲಿ ಸ್ವೆಟರ್ ಹುಡುಕುವುದೇ ಒಂದು ಸಾಹಸ. ಆದರೆ ಒದ್ದೆಯಾದ ಮೈಗೆ ಡಿಸೆಂಬರ್‌ನ ರಾತ್ರಿ ಗಾಳಿ ಸತಾರಾ ಬಯಲಿನಲ್ಲಿ ತಮಾಷೆಯಲ್ಲ. ಮಕ್ಕಳಿಗೆ, ವಯಸ್ಸಾದವರಿಗೆ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಗೆ ಸಿಗುವ ಹಾಗೆ ಇಡಿ, ಸೂಟ್‌ಕೇಸಿನ ಅಡಿಯಲ್ಲಲ್ಲ. ಎರಡು ದಿನದ ಮಾತ್ರೆ ಜಾಸ್ತಿ ಇರಲಿ. ಊಟಕ್ಕೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿಗಿಂತ ಒಳ್ಳೆಯದು ಯಾವುದೂ ಇಲ್ಲ. ಎರಡು ದಿನವಾದರೂ ಕೆಡುವುದಿಲ್ಲ. ಟಾರ್ಚ್, ಪವರ್ ಬ್ಯಾಂಕ್. ಕೈಯಲ್ಲಿ ಒಂದಿಷ್ಟು ನೋಟು, ಯಾಕೆಂದರೆ ಕರೆಂಟ್ ಹೋಗಿ ಟವರ್ ಬಿದ್ದರೆ ಢಾಬಾದವನು ಸ್ಕ್ಯಾನ್ ಮಾಡಿ ಅನ್ನುವುದಿಲ್ಲ. ಫಾಸ್ಟ್‌ಟ್ಯಾಗ್ ಮೊದಲೇ ತುಂಬಿಸಿಡಿ.

ಫೋನಿನಲ್ಲಿ ಇರಬೇಕಾದ ನಂಬರುಗಳು ಕಡಿಮೆಯೇ. ಯಾವುದೇ ತುರ್ತಿಗೆ 112, ರೈಲಿಗೆ 139, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಅಥವಾ ಅಪಘಾತವಾದರೆ 1033, ಮುಂಬೈ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಗೆ 1916, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಸಿಡಿಲಿನ ಎಚ್ಚರಿಕೆಗೆ ಪುಣೆಯ ಸಂಸ್ಥೆಯೇ ಮಾಡಿದ ದಾಮಿನಿ ಆ್ಯಪ್ ಇದೆ, ಸರ್ಕಾರಿ ಎಚ್ಚರಿಕೆಗಳಿಗೆ ಸಚೇತ್. ದಾರಿಯ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ನಕ್ಷೆ ಮುಖ್ಯ ರಸ್ತೆ ಬಂದ್ ಅಂತ ಯಾವುದೋ ಹಳ್ಳಿಯ ಒಳದಾರಿ ತೋರಿಸಿದರೆ ಅದನ್ನು ನಂಬಿ ವರಂಧಾ, ತಾಮ್ಹಿಣಿ ಘಾಟಿಗಳ ಕಡೆ ತಿರುಗಬೇಡಿ. ಮುಖ್ಯ ಹೆದ್ದಾರಿಯಲ್ಲಿ ನಿಂತು ಕಾಯುವುದೇ ವಾಸಿ, ಅಲ್ಲಿ ಕ್ರೇನ್ ಬರುತ್ತದೆ, ಪೊಲೀಸರು ಬರುತ್ತಾರೆ, ಚಹಾದವನೂ ಬರುತ್ತಾನೆ.

ಹೆಜ್ಜೆ 11: ಗಾಳಿ ನಿಂತ ಮರುದಿನ

ಮಳೆ ನಿಂತಿತು, ಟಿವಿಯವರು ಬೇರೆ ಸುದ್ದಿಗೆ ಹೋದರು, ಈಗ ಹೊರಡೋಣ ಅಂತ ಬೆಳಗಿನ ಜಾವ ನಾಲ್ಕಕ್ಕೆ ಕಾರು ತೆಗೆಯುವವರು ಬಹಳ. ಅದೇ ಬೇಡ. ನೆಲ ಒದ್ದೆ, ಆಕಾಶ ಶುಭ್ರ, ಗಾಳಿ ಇಲ್ಲ, ಮೇಲೆ ಚಳಿ. ದಟ್ಟ ಮಂಜಿಗೆ ಇದಕ್ಕಿಂತ ಬೇರೆ ಏನೂ ಬೇಕಾಗಿಲ್ಲ. ಸತಾರಾದಿಂದ ನಿಪ್ಪಾಣಿವರೆಗೆ ನದಿ, ಕಾಲುವೆ, ಕಬ್ಬಿನ ಗದ್ದೆ ಇರುವ ಕಡೆಯೆಲ್ಲ ಬೆಳಗಿನ ಹೊತ್ತು ಎದುರಿನ ಲಾರಿ ಕಾಣುವುದಿಲ್ಲ. ಬಿಸಿಲೇರುವವರೆಗೆ, ಅಂದರೆ ಸುಮಾರು ಎಂಟೂವರೆ ಒಂಬತ್ತರವರೆಗೆ ಕಾಯಿರಿ. ಕಾಯಲಾಗದೆ ಹೊರಟಿದ್ದರೆ ಲೋ ಬೀಮ್ ಹಾಕಿ. ಹೈ ಬೀಮ್ ಹಾಕಿದರೆ ಮಂಜೇ ಬೆಳಗಿ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಲಾರಿಯ ಕೆಂಪು ದೀಪದ ಬೆನ್ನು ಹತ್ತಬೇಡಿ, ಅದು ತಪ್ಪಿದರೆ ನೀವೂ ತಪ್ಪುತ್ತೀರಿ. ನಿಲ್ಲಬೇಕು ಅನ್ನಿಸಿದರೆ ರಸ್ತೆ ಪಕ್ಕದಲ್ಲಲ್ಲ, ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಆವರಣದೊಳಗೆ ನಿಲ್ಲಿ.

ಘಾಟಿಯಲ್ಲೂ ಮರುದಿನ ಕಲ್ಲು ಬೀಳುತ್ತದೆ. ನೀರು ಕುಡಿದ ಮಣ್ಣು ಮಳೆ ನಿಂತ ಕೂಡಲೇ ಗಟ್ಟಿಯಾಗುವುದಿಲ್ಲ. ರೈಲಿನವರಿಗೆ ಇನ್ನೊಂದು ತೊಡಕಿದೆ. ಮುಂಬೈಯಿಂದ ನಿಮ್ಮ ಊರಿಗೆ ಬರಬೇಕಾದ ರೈಲಿನ ಬೋಗಿಗಳೇ ಎಷ್ಟೋ ಸಲ ವಾಪಸ್ ಹೋಗುವ ರೈಲಾಗುತ್ತವೆ. ಅದು ಹತ್ತು ಗಂಟೆ ತಡವಾಗಿ ಬಂದರೆ ನಿಮ್ಮ ಊರಿನಲ್ಲಿ ಬಿಸಿಲಿದ್ದರೂ ನಿಮ್ಮ ರೈಲು ಹೊರಡುವುದಿಲ್ಲ. ಹಾಗಾಗಿ ವಾಪಸ್ ಹೊರಡುವ ದಿನ ನಿಮ್ಮ ರೈಲಿನ ನಂಬರನ್ನಷ್ಟೇ ಅಲ್ಲ, ಎದುರಿನಿಂದ ಬರುವ ಅದರ ಜೋಡಿ ರೈಲಿನ ನಂಬರನ್ನೂ ಹಾಕಿ ಎಲ್ಲಿದೆ ನೋಡಿ. ಅದು ಇನ್ನೂ ಚಿಪ್ಳೂಣದಲ್ಲೇ ಇದ್ದರೆ ಸ್ಟೇಷನ್ನಿಗೆ ಓಡುವ ಅವಸರ ಇಲ್ಲ, ಅಮ್ಮನ ಕೈಯಲ್ಲಿ ಇನ್ನೊಂದು ಊಟ ಮಾಡಬಹುದು. ಸೋಮವಾರದ ರಜೆಗೆ ಆಫೀಸಿಗೆ ಈಗಲೇ ಮೆಸೇಜ್ ಹಾಕಿಬಿಡಿ.